ದೊಡ್ಡ ಬಾಯಿಯ ಲೆನ್ಸೋ, ಚಿಕ್ಕ ಲೆನ್ಸೋ?

ಈ ಸಂಚಿಕೆಯನ್ನು ಓದುವವರಲ್ಲಿ ಹಲವರ ಮನೆಗಳಲ್ಲಿ ಹಳೆಯ ಛಾಯಾಚಿತ್ರಗಳ ಆಲ್ಬಮ್ಮು ಒಂದಾದರೂ ಇರುವುದು. ಅದನ್ನು ತೆರೆದು, ಅದರಲ್ಲಿ ಎಂಥ ಚಿತ್ರಗಳು ಇವೆ ಎಂಬುದರ ಜೊತೆಗೆ ಎಂಥವು ಇಲ್ಲವೆಂಬುದನ್ನೂ ವಿಚಾರಿಸಿ ನೋಡತಕ್ಕದ್ದು. ಅಂಗಳದ ಬಿಸಿಲಿಗೆ ಕಣ್ಣು ಕಿರಿದುಮಾಡಿಕೊಂಡು ಸಾಲಾಗಿ ನಿಂತವರು, ಸ್ಟುಡಿಯೋದ ಪರದೆಯ ಮುಂದೆ ಕುರ್ಚಿಯ ಬೆನ್ನು ಹಿಡಿದು ನಿಂತವರು, ಶಾಲೆಯ ಮೆಟ್ಟಲುಗಳ ಮೇಲೆ ತರಗತಿವಾರಾಗಿ ಕುಳಿತವರು, ಇವರೆಲ್ಲರೂ ಸಿಕ್ಕುವರು. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅಜ್ಜಿ, ಸಂಜೆ ದೀಪದ ಬಳಿಯಲ್ಲಿ ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದ ತಾಯಿ, ನಡುಮನೆಯಲ್ಲಿ ತೊಟ್ಟಿಲು ತೂಗುತ್ತಿದ್ದ ಅತ್ತೆ, ಇವರು ಸಿಕ್ಕುವುದು ಅಪೂರ್ವ. ಅವರ ಆಯುಷ್ಯದ ಬಹುಭಾಗವು ಕಳೆದದ್ದು ಮನೆಯ ಒಳಗೆ. ಮನೆಯ ಒಳಗಿನ ಬೆಳಕಾದರೋ ಅಂದಿನ ಸಾಮಾನ್ಯ ಕ್ಯಾಮರಾಕ್ಕೆ ಸಾಲುತ್ತಿರಲಿಲ್ಲ. ಆದಕಾರಣ ಲೆನ್ಸಿನ ಬಾಯಿ ಎಷ್ಟು ಅಗಲವೆಂಬ ಮಾತು ಕೇವಲ ಯಂತ್ರಶಾಸ್ತ್ರದ ಮಾತಲ್ಲ. ಮನೆಯವರಲ್ಲಿ ಯಾರ ಚಿತ್ರ ಉಳಿಯುವುದೆಂಬುದೂ ಸ್ವಲ್ಪಮಟ್ಟಿಗೆ ಅದರ ಮೇಲೆ ನಿಂತಿದೆ.

ಈಗ ಚಿತ್ರ ತೆಗೆಯುವ ಫೋನು ಎಲ್ಲರ ಕೈಯಲ್ಲಿಯೂ ಉಂಟು. ಆದಾಗ್ಯೂ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಹಳೆಯ ರೇಂಜ್‌ಫೈಂಡರ್ ಕ್ಯಾಮರಾವನ್ನು ಒರೆಸಿ ಮತ್ತೆ ಉಪಯೋಗಿಸಬೇಕೆನ್ನುವವರೂ, ಅಂಥದೊಂದನ್ನು ಹೊಸದಾಗಿ ಕೊಳ್ಳಬೇಕೆನ್ನುವವರೂ ನಮ್ಮಲ್ಲಿ ಇರುವರು. ಅವರಿಗೆಲ್ಲ ಬರುವ ಮೊದಲ ಸಂದೇಹವೇನೆಂದರೆ: ಹೆಚ್ಚು ಬೆಳಕನ್ನು ಒಳಗೆ ಬಿಡುವ ದೊಡ್ಡ ಲೆನ್ಸನ್ನು ಕೊಳ್ಳಬೇಕೋ, ಅಂಗೈಯಲ್ಲಿ ಅಡಗುವ ಚಿಕ್ಕ ಲೆನ್ಸನ್ನು ಕೊಳ್ಳಬೇಕೋ? ಇಲ್ಲಿ ಹೇಳುವುದು ಸಂಗಮದೂರವು ಬದಲಾಗದ, ಪ್ರೈಮ್ ಎಂದು ಕರೆಯಲ್ಪಡುವ ಲೆನ್ಸುಗಳ ವಿಷಯ. ಛಾಯಾಗ್ರಾಹಕರು ಮೊದಲನೆಯ ಜಾತಿಯನ್ನು ಫಾಸ್ಟ್ ಲೆನ್ಸು ಎನ್ನುವರು. ಈ ಲೇಖನದಲ್ಲಿ ಅದನ್ನು ದೊಡ್ಡ ಬಾಯಿಯ ಲೆನ್ಸು ಎಂದು ಕರೆಯುವೆನು.

ರೇಂಜ್‌ಫೈಂಡರ್ ಎಂದರೆ ದೂರಮಾಪಕ. ಈ ಕ್ಯಾಮರಾದ ಮುಂಭಾಗದಲ್ಲಿ ಒಂದಕ್ಕೊಂದು ಅಂತರವುಳ್ಳ ಎರಡು ಕಿಟಕಿಗಳಿರುವುವು. ಅವು ನಮ್ಮ ಎರಡು ಕಣ್ಣುಗಳಂತೆ ಒಂದೇ ವಸ್ತುವನ್ನು ಎರಡು ಕೋನಗಳಿಂದ ನೋಡುತ್ತವೆ. ಕಣ್ಣಿಟ್ಟು ನೋಡಿದರೆ ನಡುವೆ ಇಮ್ಮಡಿಯಾದ ಬಿಂಬವು ಕಾಣಿಸುವುದು. ಲೆನ್ಸಿನ ಉಂಗುರವನ್ನು ತಿರುಗಿಸುತ್ತ ಬಂದರೆ ಆ ಎರಡು ಬಿಂಬಗಳು ಸರಿದು ಒಂದಾಗುವುವು. ಒಂದಾದ ಕೂಡಲೇ ಲೆನ್ಸು ಆ ದೂರಕ್ಕೆ ಸರಿಹೊಂದಿತೆಂದು ತಿಳಿಯಬೇಕು. ಇಲ್ಲಿ ಮುಖ್ಯವಾಗಿ ನೆನಪಿಡತಕ್ಕ ಸಂಗತಿ ಒಂದುಂಟು: ನಾವು ನೋಡುವುದು ಲೆನ್ಸಿನ ಮೂಲಕವಲ್ಲ, ಅದರ ಮಗ್ಗುಲಿನ ಕಿಟಕಿಯ ಮೂಲಕ. ಮುಂದೆ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಈ ಎರಡು ಜಾತಿಯ ಲೆನ್ಸುಗಳ ಸ್ಪರ್ಧೆಯು ಸುಮಾರು ನೂರು ವರುಷಗಳಷ್ಟು ಹಳೆಯದು. ಜರ್ಮನಿಯ ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದ ಓಸ್ಕರ್ ಬಾರ್ನಾಕ್ ಎಂಬವನು ರೂಪಿಸಿದ ಲೈಕಾ ಕ್ಯಾಮರಾವು ೧೯೨೫ರಲ್ಲಿ ಲೈಪ್ಸಿಗ್ ನಗರದ ಜಾತ್ರೆಯಲ್ಲಿ ಜನರ ಮುಂದೆ ಬಂದಿತು. ಸಿನಿಮಾ ಫಿಲ್ಮಿನ ಸುರುಳಿಯ ಮೇಲೆ ೨೪ ಮಿ.ಮೀ. ಎತ್ತರ, ೩೬ ಮಿ.ಮೀ. ಅಗಲದ ಚಿತ್ರವನ್ನು ಅದು ತೆಗೆಯುತ್ತಿತ್ತು. ಅದಕ್ಕಾಗಿ ಮಾಕ್ಸ್ ಬೆರೆಕ್ ಲೆಕ್ಕಹಾಕಿದ ಎಲ್ಮಾರ್ ಎಂಬ ಲೆನ್ಸು ೫೦ ಮಿ.ಮೀ. ಸಂಗಮದೂರದ್ದು, ಎಫ್/೩.೫ರದ್ದು. ಉಪಯೋಗವಿಲ್ಲದಾಗ ಅದನ್ನು ಕ್ಯಾಮರಾದ ಹೊಟ್ಟೆಯೊಳಕ್ಕೆ ತಳ್ಳಿ ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳಬಹುದಾಗಿತ್ತು. ಲೆನ್ಸಿನೊಡನೆ ಕೂಡಿಕೊಂಡು ನಡೆಯುವ ದೂರಮಾಪಕವು ಲೈಕಾಕ್ಕೆ ಬಂದದ್ದು ೧೯೩೨ರಲ್ಲಿ. ಅದೇ ವರುಷ ಡ್ರೆಸ್ಡೆನ್ನಿನ ಝೈಸ್ ಇಕಾನ್ ಸಂಸ್ಥೆಯವರು ಕಾಂಟಾಕ್ಸ್ ಎಂಬ ಪ್ರತಿಸ್ಪರ್ಧಿಯನ್ನು ಹೊರಡಿಸಿದರು. ಅದಕ್ಕೆ ಲುಡ್ವಿಗ್ ಬೆರ್ಟೆಲೆ ಎಂಬವನು ರಚಿಸಿದ ಸೊನ್ನಾರ್ ಲೆನ್ಸುಗಳು ಎಫ್/೨ ಮತ್ತು ಎಫ್/೧.೫ರವು. ಎಲ್ಮಾರಿನ ಚಿಕ್ಕತನಕ್ಕೂ ಸೊನ್ನಾರಿನ ದೊಡ್ಡ ಬಾಯಿಗೂ ನಡುವೆ ಅಂದಿನ ಛಾಯಾಗ್ರಾಹಕರು ಮಾಡಬೇಕಾಗಿದ್ದ ಆಯ್ಕೆಯೇ ಇಂದಿನವರ ಪಾಲಿಗೂ ಬಂದಿದೆ.

ಎಫ್ ಎಂಬ ಅಂಕೆಯ ಅರ್ಥವನ್ನು ತಿಳಿಯದೆ ಮುಂದೆ ಹೋಗಕೂಡದು. ಲೆನ್ಸಿನ ಸಂಗಮದೂರವನ್ನು ಅದರ ಬೆಳಕಿನ ದ್ವಾರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅದು. ೫೦ ಮಿ.ಮೀ. ಲೆನ್ಸಿಗೆ ೨೫ ಮಿ.ಮೀ. ವ್ಯಾಸದ ದ್ವಾರವಿದ್ದರೆ ಅದು ಎಫ್/೨. ಅದೇ ಲೆನ್ಸಿಗೆ ಎಫ್/೧.೪ ಬೇಕಾದರೆ ಸುಮಾರು ೩೬ ಮಿ.ಮೀ., ಎಫ್/೧ ಬೇಕಾದರೆ ಪೂರ್ತಿ ೫೦ ಮಿ.ಮೀ. ವ್ಯಾಸ ಬೇಕಾಗುವುದು. ಅಂಕೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಒಳಬರುವ ಬೆಳಕಾದರೋ ವ್ಯಾಸದ ವರ್ಗಕ್ಕೆ ಅನುಸಾರವಾಗಿ ಹೆಚ್ಚುವುದು. ಹೇಗೆಂದರೆ, ಎಫ್/೨.೮ಕ್ಕಿಂತ ಎಫ್/೨ರಲ್ಲಿ ಎರಡರಷ್ಟು, ಎಫ್/೧.೪ರಲ್ಲಿ ನಾಲ್ಕರಷ್ಟು ಬೆಳಕು ಬರುವುದು.

ಇದರ ಪ್ರಯೋಜನವನ್ನು ಒಂದು ಲೆಕ್ಕದಿಂದ ತಿಳಿಯೋಣ. ರಾತ್ರಿ ವಿದ್ಯುದ್ದೀಪವುಳ್ಳ ಸಾಮಾನ್ಯವಾದ ಒಂದು ಕೋಣೆಯಲ್ಲಿ ೪೦೦ರ ಫಿಲ್ಮನ್ನು ಹಾಕಿ ಚಿತ್ರ ತೆಗೆಯುವುದಾದರೆ, ಎಫ್/೨.೮ರಲ್ಲಿ ಸೆಕೆಂಡಿನ ಹದಿನೈದನೆಯ ಒಂದಂಶ, ಎಫ್/೨ರಲ್ಲಿ ಮೂವತ್ತನೆಯ ಒಂದಂಶ, ಎಫ್/೧.೪ರಲ್ಲಿ ಅರುವತ್ತನೆಯ ಒಂದಂಶದಷ್ಟು ಹೊತ್ತು ಕವಾಟವನ್ನು ತೆರೆದಿಡಬೇಕಾದೀತು. ಓದುತ್ತ ಕುಳಿತ ಅಜ್ಜನು ಹದಿನೈದನೆಯ ಅಂಶದಲ್ಲಿಯೂ ಸ್ಪಷ್ಟವಾಗಿ ಮೂಡಬಹುದು. ಚಪ್ಪಾಳೆ ತಟ್ಟುವ ಮಗುವಿನ ಕೈಗಳು ಅರುವತ್ತನೆಯ ಅಂಶದಲ್ಲಿಯೂ ಕದಡಬಹುದು. ಹಳೆಯ ಕಾಲದಲ್ಲಿ ಫಿಲ್ಮು ಇನ್ನೂ ಮಂದವಾಗಿತ್ತು. ೨೫ರ ಫಿಲ್ಮಿನಿಂದ ಇದೇ ಕೋಣೆಯ ಚಿತ್ರವನ್ನು ಎಫ್/೩.೫ರ ಎಲ್ಮಾರಿನಲ್ಲಿ ತೆಗೆಯಬೇಕಾದರೆ ಒಂದೂವರೆ ಸೆಕೆಂಡು ಬೇಕು; ಎಫ್/೧.೫ರ ಸೊನ್ನಾರಿನಲ್ಲಿಯಾದರೆ ಕಾಲು ಸೆಕೆಂಡಿಗೆ ಸ್ವಲ್ಪ ಮಿಕ್ಕಿ ಸಾಕು. ಅಜ್ಜಿಯ ಅಡಿಗೆಮನೆಯ ಚಿತ್ರವು ಆಲ್ಬಮ್ಮಿನಲ್ಲಿ ಏಕೆ ಇಲ್ಲವೆಂಬುದಕ್ಕೆ ಈ ಲೆಕ್ಕವೇ ಉತ್ತರ.

ಹಾಗಾದರೆ ಎಲ್ಲರೂ ದೊಡ್ಡ ಬಾಯಿಯ ಲೆನ್ಸನ್ನೇ ಕೊಳ್ಳಬಾರದೇಕೆಂದು ಕೇಳಬಹುದು. ಅದಕ್ಕೆ ನಾಲ್ಕು ಬಗೆಯ ಬೆಲೆಯನ್ನು ತೆರಬೇಕಾಗುವುದು.

ಮೊದಲನೆಯದು ಭಾರ ಮತ್ತು ಹಣ. ಲೈಕಾದ ೫೦ ಮಿ.ಮೀ. ಲೆನ್ಸುಗಳನ್ನೇ ಹೋಲಿಸಿ ನೋಡೋಣ. ಎಫ್/೨ರ ಸಮ್ಮಿಕ್ರಾನ್ ಸುಮಾರು ೨೪೦ ಗ್ರಾಂ ತೂಗುವುದು. ಎಫ್/೧.೪ರ ಸಮ್ಮಿಲಕ್ಸ್, ಅದರ ಆಸ್ಫೆರಿಕ್ ರೂಪದಲ್ಲಿ, ಸುಮಾರು ೩೩೫ ಗ್ರಾಂ. ೨೦೦೮ರಲ್ಲಿ ಹೊರಬಂದ ಎಫ್/೦.೯೫ರ ನಾಕ್ಟಿಲಕ್ಸ್ ೭೦೦ ಗ್ರಾಂ. ೧೯೮೪ರ ಲೈಕಾ ಎಂ೬ ಕ್ಯಾಮರಾದ ಒಡಲು ಸುಮಾರು ೫೬೦ ಗ್ರಾಂ ಇರುವುದರಿಂದ, ಇಲ್ಲಿ ಕುದುರೆಗಿಂತ ಜೀನೇ ಭಾರವಾಯಿತೆನ್ನಬೇಕು. ಇದಕ್ಕೆ ಎದುರಾಗಿ ಜಪಾನಿನ ಕೊಸೀನಾದವರು ಫೋಕ್ಟ್‌ಲೆಂಡರ್ ಎಂಬ ಹೆಸರಿನಿಂದ ಮಾಡಿದ ೩೫ ಮಿ.ಮೀ., ಎಫ್/೨.೫ರ ಕಲರ್ ಸ್ಕೋಪಾರ್ ಕೇವಲ ೧೩೪ ಗ್ರಾಂ. ಬಾಯಿ ಅಗಲವಾದಂತೆ ಗಾಜಿನ ತುಂಡುಗಳು ದೊಡ್ಡದಾಗುವುವು, ಅಂಚಿನ ಕಿರಣಗಳನ್ನು ತಿದ್ದಲು ಅವುಗಳ ಸಂಖ್ಯೆಯೂ ಹೆಚ್ಚುವುದು, ಉಜ್ಜಿ ನಯಗೊಳಿಸುವ ಕೆಲಸವೂ ಕಠಿನವಾಗುವುದು. ನಾಕ್ಟಿಲಕ್ಸಿನಂಥದಕ್ಕೆ ಹಲವು ಲಕ್ಷ ರೂಪಾಯಿ ತಗಲುವುದು ಈ ಕಾರಣದಿಂದಲೂ ಉಂಟು.

ಎರಡನೆಯದು ಕಿಟಕಿಗೆ ಬರುವ ಅಡ್ಡಿ. ನೋಡುವ ಕಿಟಕಿ ಲೆನ್ಸಿನ ಮಗ್ಗುಲಲ್ಲಿ ಇರುವುದರಿಂದ, ದಪ್ಪ ಲೆನ್ಸು ಅದರ ಕೆಳಮೂಲೆಗೆ ಅಡ್ಡವಾಗಿ ನಿಲ್ಲುವುದು. ಗುಂಪು ಚಿತ್ರದಲ್ಲಿ ಮುಂದಿನ ಸಾಲಿನ ತುದಿಗೆ ಕುಳಿತ ಹುಡುಗಿಯ ಮುಖವು ನಮ್ಮ ಕಣ್ಣಿಗೆ ಮರೆಯಾಗಿಬಿಡಬಹುದು. ಚಿಕ್ಕ ಲೆನ್ಸಿನಲ್ಲಿ ಈ ತೊಂದರೆಯಿಲ್ಲ. ಚೌಕಟ್ಟು ಪೂರ್ತಿಯಾಗಿ ತೆರವಾಗಿರುವುದು. ಇದರೊಡನೆ ಇನ್ನೊಂದು ಮಾತನ್ನೂ ಗಮನಿಸಬೇಕು. ಲೆನ್ಸಿನ ಮೂಲಕವೇ ನೋಡುವ ರಿಫ್ಲೆಕ್ಸ್ ಕ್ಯಾಮರಾದಲ್ಲಿ ದೊಡ್ಡ ಬಾಯಿಯ ಲೆನ್ಸನ್ನು ಹಾಕಿದರೆ ಕಾಣುವ ಬಿಂಬವೇ ಬೆಳಗುವುದು. ಮಂದ ಬೆಳಕಿನಲ್ಲಿ ಅದು ದೊಡ್ಡ ಸಹಾಯ. ರೇಂಜ್‌ಫೈಂಡರಿನಲ್ಲಿ ಯಾವ ಲೆನ್ಸು ಹಾಕಿದರೂ ಕಿಟಕಿಯ ಬೆಳಕು ಒಂದೇ. ಆದಕಾರಣ ರಿಫ್ಲೆಕ್ಸಿನವರು ದೊಡ್ಡ ಲೆನ್ಸನ್ನು ಹೊಗಳಲು ಇರುವ ಕಾರಣಗಳಲ್ಲಿ ಒಂದು ಇಲ್ಲಿ ಸಲ್ಲುವುದೇ ಇಲ್ಲ.

ಮೂರನೆಯದು ಸ್ಪಷ್ಟತೆಯ ಆಳ ಕಡಿಮೆಯಾಗುವುದು. ೫೦ ಮಿ.ಮೀ. ಲೆನ್ಸಿನಿಂದ ಒಂದು ಮೀಟರು ದೂರದಲ್ಲಿ ಕುಳಿತವರ ಚಿತ್ರವನ್ನು ಎಫ್/೨.೮ರಲ್ಲಿ ತೆಗೆದರೆ, ಮುಂದು ಹಿಂದು ಕೂಡಿ ಸುಮಾರು ಆರು ಸೆಂಟಿಮೀಟರಿನಷ್ಟು ಭಾಗವು ಸ್ಪಷ್ಟವಾಗಿರುವುದು. ಎಫ್/೧.೪ರಲ್ಲಿ ಅದು ಮೂರು ಸೆಂಟಿಮೀಟರಿಗೆ, ಎಫ್/೧ರಲ್ಲಿ ಎರಡಕ್ಕೆ ಸ್ವಲ್ಪ ಮಿಕ್ಕಿ ಇಳಿಯುವುದು. ಕಣ್ಣಿನ ರೆಪ್ಪೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿರುವಾಗ ಕಿವಿಯ ಓಲೆ ಮಸುಕಾಗಿ ಹೋಗುವುದು. ಇದರಿಂದ ಗದ್ದಲದ ನಡುವೆ ಒಂದೇ ಮುಖವನ್ನು ಎತ್ತಿ ತೋರಿಸಲು ಸಾಧ್ಯವಾಗುವುದು ನಿಜ. ದೊಡ್ಡ ಬಾಯಿಯ ಲೆನ್ಸನ್ನು ಪ್ರೀತಿಸುವವರಲ್ಲಿ ಅನೇಕರು ಪ್ರೀತಿಸುವುದು ಈ ಗುಣವನ್ನೇ. ಆದರೆ ತಾಯಿಯೂ ಮಗುವೂ ಇಬ್ಬರೂ ಸ್ಪಷ್ಟವಾಗಿ ಬೇಕೆಂದಾಗ ಅದೇ ಗುಣವು ದೋಷವಾಗುವುದು.

ನಾಲ್ಕನೆಯದು ದೂರಮಾಪಕದ ಮಿತಿ. ಎರಡು ಕಿಟಕಿಗಳ ನಡುವಣ ಅಂತರ ಹೆಚ್ಚಿದಷ್ಟೂ ಅಳತೆ ನಿಷ್ಕೃಷ್ಟವಾಗುವುದು. ಲೈಕಾ ಎಂ ಶ್ರೇಣಿಯ ಕ್ಯಾಮರಾಗಳಲ್ಲಿ ಅದು ಸುಮಾರು ೬೯ ಮಿ.ಮೀ. ಕಿಟಕಿಯು ನೋಟವನ್ನು ೦.೭೨ರಷ್ಟಕ್ಕೆ ಕಿರಿದಾಗಿಸಿ ತೋರಿಸುವುದಾದರೆ, ಅಳತೆಗೆ ಒದಗುವ ಅಂತರವು ಸುಮಾರು ೫೦ ಮಿ.ಮೀ. ಮಾತ್ರ. ಎಫ್/೨ಕ್ಕೆ ಅದು ಧಾರಾಳವಾಗಿ ಸಾಕು. ಎಫ್/೧ರ ಬಳಿಗೆ ಬಂದಾಗ, ಯಂತ್ರವು ಕೂದಲೆಳೆಯಷ್ಟು ತಪ್ಪಿದ್ದರೂ ಚಿತ್ರದಲ್ಲಿ ಕಾಣಿಸುವುದು. ಅಲ್ಲದೆ ಕೆಲವು ದೊಡ್ಡ ಬಾಯಿಯ ಲೆನ್ಸುಗಳಲ್ಲಿ, ವಿಶೇಷವಾಗಿ ಸೊನ್ನಾರ್ ಮಾದರಿಯವುಗಳಲ್ಲಿ, ದ್ವಾರವನ್ನು ಕಿರಿದುಮಾಡಿದಾಗ ಅತಿಸ್ಪಷ್ಟವಾದ ಸ್ಥಾನವು ತುಸು ಹಿಂದಕ್ಕೆ ಸರಿಯುವುದು. ಮಗ್ಗುಲಿನ ಕಿಟಕಿಗೆ ಇದರ ಸುಳಿವು ಹತ್ತುವುದಿಲ್ಲ. ಅಂಥ ಲೆನ್ಸು ಯಾವ ದ್ವಾರಕ್ಕೆ ಸರಿಹೊಂದಿಸಲ್ಪಟ್ಟಿದೆ ಎಂಬುದನ್ನು ಕೊಳ್ಳುವ ಮೊದಲೇ ಪರೀಕ್ಷಿಸಿ ತಿಳಿಯತಕ್ಕದ್ದು.

ಇನ್ನು ಚಿಕ್ಕ ಲೆನ್ಸಿನ ಪಕ್ಷವನ್ನು ಕೇಳೋಣ. ಅದರ ಮೊದಲ ಗುಣ ಜೊತೆಗೆ ಬರುವುದು. ಕೈಚೀಲದಲ್ಲಿ ಪುಸ್ತಕ, ಛತ್ರಿ, ಬುತ್ತಿಗಳ ನಡುವೆ ಅದಕ್ಕೆ ಸ್ಥಳ ದೊರಕುವುದು. ಎರಡನೆಯ ಗುಣ, ದೂರವನ್ನು ಅಳೆಯದೆಯೇ ಚಿತ್ರ ತೆಗೆಯುವ ಅನುಕೂಲ. ೩೫ ಮಿ.ಮೀ. ಲೆನ್ಸನ್ನು ಎಫ್/೮ಕ್ಕೂ ೩ ಮೀಟರು ದೂರಕ್ಕೂ ಇಟ್ಟರೆ, ಸುಮಾರು ೨ ಮೀಟರಿನಿಂದ ೭ ಮೀಟರಿನವರೆಗೆ ಇರುವುದೆಲ್ಲವೂ ಸ್ಪಷ್ಟವಾಗುವುದು. ಹಗಲಿನಲ್ಲಿ ಆಟದ ಬಯಲಿನ ಅಂಚಿಗೆ ನಿಂತವಳಿಗೆ ಇದಕ್ಕಿಂತ ಶೀಘ್ರವಾದ ಉಪಾಯವಿಲ್ಲ. ದೊಡ್ಡ ಬಾಯಿಯ ಲೆನ್ಸಿನಲ್ಲಿಯೂ ಹೀಗೆ ಮಾಡಬಹುದೆಂಬುದು ಸರಿ. ಆದರೆ ಆಗ ಹೊತ್ತ ಭಾರವು ವ್ಯರ್ಥ. ಮೂರನೆಯ ಗುಣ, ಎದುರಿಗಿರುವವರು ಅಂಜದಿರುವುದು. ಚಿಕ್ಕ ಕ್ಯಾಮರಾವನ್ನು ಕಂಡ ಮಕ್ಕಳು ಸ್ವಲ್ಪ ಹೊತ್ತಿನಲ್ಲಿ ಅದನ್ನು ಮರೆತು ತಮ್ಮ ಆಟಕ್ಕೆ ಹಿಂದಿರುಗುವರು.

ಚಿಕ್ಕ ಲೆನ್ಸಿನಿಂದ ದೊಡ್ಡ ಕೆಲಸವಾಗದೆಂದು ಭಾವಿಸುವವರಿಗೆ ಇಲ್ಸೆ ಬಿಂಗ್ ಎಂಬ ಮಹಿಳೆಯ ದೃಷ್ಟಾಂತವು ಸಾಕು. ೧೮೯೯ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಈಕೆ ೧೯೨೯ರಲ್ಲಿ ಲೈಕಾವೊಂದನ್ನು ಕೊಂಡು, ಮರುವರುಷ ಪ್ಯಾರಿಸ್ಸಿಗೆ ಹೋಗಿ ನೆಲೆಸಿದಳು. ಅಲ್ಲಿನ ಬೀದಿಗಳನ್ನೂ ರಂಗಭೂಮಿಯ ನರ್ತಕಿಯರನ್ನೂ ಆ ಪುಟ್ಟ ಯಂತ್ರದಿಂದ ಚಿತ್ರಿಸಿ, ಲೈಕಾದ ರಾಣಿ ಎಂಬ ಬಿರುದನ್ನು ಪಡೆದಳು. ಆಕೆ ತೆಗೆದ ನೃತ್ಯದ ಚಿತ್ರಗಳಲ್ಲಿ ಹಾರುವ ಲಂಗಗಳು ಮಸುಕಾಗಿರುವುವು. ಆ ಮಸುಕಿನಿಂದಲೇ ಚಲನೆಯು ನಮ್ಮ ಅರಿವಿಗೆ ಬರುವುದು.

ಬಡವರ ಪಾಲಿಗೂ ಇಂಥ ಕ್ಯಾಮರಾ ದೊರಕಿದ ಕಥೆಯನ್ನು, ಇದು ಶಾಲೆಯ ಸಂಚಿಕೆಯಾದುದರಿಂದ, ಇಲ್ಲಿ ಸೂಚಿಸಬೇಕು. ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶಿಕ್ಷಣತಜ್ಞನಾದ ಆಂತೋನ್ ಮಕಾರೆಂಕೊ ನಡೆಸುತ್ತಿದ್ದ ನಿರ್ಗತಿಕ ಮಕ್ಕಳ ಆಶ್ರಮದಲ್ಲಿ, ೧೯೩೪ರಿಂದ ಲೈಕಾದ ಮಾದರಿಯಲ್ಲಿ ಫೆಡ್ ಎಂಬ ಕ್ಯಾಮರಾಗಳು ಸಂಖ್ಯೆಯಲ್ಲಿ ತಯಾರಾದುವು. ಅವುಗಳ ಲೆನ್ಸು ಎಫ್/೩.೫ರ ಚಿಕ್ಕದು. ಎರಡನೆಯ ಮಹಾಯುದ್ಧದ ತರುವಾಯ ಸೋವಿಯತ್ ದೇಶದಲ್ಲಿ ಸೊನ್ನಾರಿನ ರಚನೆಯನ್ನು ಅನುಸರಿಸಿ ಎಫ್/೨ರ ಜುಪಿಟರ್ ೮, ಎಫ್/೧.೫ರ ಜುಪಿಟರ್ ೩ ಎಂಬ ಲೆನ್ಸುಗಳೂ ಬಂದುವು. ಹೊಸ ಲೆನ್ಸಿಗೆ ಹಣ ಸಾಲದವರು ಇಂದಿಗೂ ಇವನ್ನು ಹುಡುಕಿ ಕೊಳ್ಳುವರು.

ಹಳೆಯ ಲೆನ್ಸನ್ನು ಕೊಳ್ಳುವವರು, ಪೆಟ್ಟಿಗೆಯಿಂದ ಹೊರತೆಗೆಯುವವರು ಎರಡು ವಿಷಯಗಳನ್ನು ನೋಡಿಕೊಳ್ಳಬೇಕು. ಗಾಜಿನ ಮೇಲೆ ಬೆಳಕು ಪ್ರತಿಫಲಿಸದಂತೆ ತೆಳುವಾದ ಲೇಪವನ್ನು ಕೊಡುವ ವಿದ್ಯೆಯು ಝೈಸ್ ಸಂಸ್ಥೆಯಲ್ಲಿ ೧೯೩೫ರಲ್ಲಿ ಸಿದ್ಧಿಸಿತು. ಯುದ್ಧದ ತರುವಾಯವೇ ಅದು ಸಾಮಾನ್ಯವಾಯಿತು. ಲೇಪವಿಲ್ಲದ ಗಾಜಿನ ಒಂದೊಂದು ಮೈಯಿಂದಲೂ ನೂರರಲ್ಲಿ ನಾಲ್ಕೈದು ಪಾಲು ಬೆಳಕು ಹಿಂದಿರುಗಿ, ಚಿತ್ರದ ಮೇಲೆ ಮಂಜಿನಂತೆ ಹರಡುವುದು. ಗಾಜಿನ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ ಮೂರೇ ಗುಂಪು ಮಾಡಿದ ಸೊನ್ನಾರ್ ಅಂದು ಮೆಚ್ಚಿಕೆ ಪಡೆದದ್ದು, ಗಾಳಿಗೆ ತೆರೆದ ಮೈಗಳು ಅದರಲ್ಲಿ ಕಡಿಮೆಯಾಗಿದ್ದುದರಿಂದ. ಎರಡನೆಯದು ಬೂಷ್ಟು. ನಮ್ಮ ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ತೊಗಲಿನ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಒಳಮೈಗೆ ಅದು ಜೇಡರ ಬಲೆಯಂತೆ ಹಬ್ಬುವುದು. ಟಾರ್ಚಿನ ಬೆಳಕನ್ನು ಹಾಯಿಸಿ ನೋಡಿದರೆ ತಿಳಿಯುವುದು. ತೇವ ಹೀರುವ ಸಿಲಿಕಾ ಹರಳುಗಳೊಡನೆ ಬಿಗಿಯಾದ ಡಬ್ಬದಲ್ಲಿ ಇಡುವುದೂ, ಅದಕ್ಕಿಂತ ಮೇಲಾಗಿ ಆಗಾಗ ಹೊರತೆಗೆದು ಉಪಯೋಗಿಸುವುದೂ ಒಳ್ಳೆಯದು.

ಕಾಲವು ಈ ತಕ್ಕಡಿಯನ್ನು ಚಿಕ್ಕ ಲೆನ್ಸಿನ ಕಡೆಗೆ ತುಸು ವಾಲಿಸಿದೆ. ಫಿಲ್ಮು ಇಲ್ಲದೆ ವಿದ್ಯುತ್ತಿನಿಂದ ಚಿತ್ರ ಹಿಡಿಯುವ ರೇಂಜ್‌ಫೈಂಡರುಗಳಲ್ಲಿ ಮೊದಲನೆಯದಾದ ಎಪ್ಸನ್ ಆರ್‌ಡಿ೧ ೨೦೦೪ರಲ್ಲಿಯೂ, ಲೈಕಾ ಎಂ೮ ೨೦೦೬ರಲ್ಲಿಯೂ, ಪೂರ್ಣ ಅಳತೆಯ ಲೈಕಾ ಎಂ೯ ೨೦೦೯ರಲ್ಲಿಯೂ ಬಂದುವು. ಇಂದಿನ ಇಂಥ ಕ್ಯಾಮರಾಗಳಲ್ಲಿ ೩೨೦೦ರ ವೇಗವನ್ನು ನಿರ್ಭಯವಾಗಿ ಉಪಯೋಗಿಸಬಹುದು. ಮೇಲೆ ಹೇಳಿದ ದೀಪದ ಕೋಣೆಯಲ್ಲಿ ಆಗ ಎಫ್/೨.೮ರ ಚಿಕ್ಕ ಲೆನ್ಸಿಗೂ ಸೆಕೆಂಡಿನ ನೂರ ಇಪ್ಪತ್ತೈದನೆಯ ಒಂದಂಶ ಸಾಕು. ಅಡಿಗೆಮನೆಯ ಬಾಗಿಲು ಚಿಕ್ಕ ಲೆನ್ಸಿಗೂ ತೆರೆಯಿತೆಂದು ಇದರ ಅರ್ಥ. ಆದರೆ ಫಿಲ್ಮನ್ನೇ ಉಪಯೋಗಿಸುವವರಿಗೆ, ಎಣ್ಣೆದೀಪ ಅಥವಾ ಮೇಣದ ಬತ್ತಿಯ ಬೆಳಕಿನಲ್ಲಿ ತೆಗೆಯಬೇಕೆನ್ನುವವರಿಗೆ, ಹಿನ್ನೆಲೆಯನ್ನು ಕರಗಿಸಿ ಮುಖವೊಂದನ್ನೇ ನಿಲ್ಲಿಸಬೇಕೆನ್ನುವವರಿಗೆ ದೊಡ್ಡ ಬಾಯಿಯ ಲೆನ್ಸಿನ ಅವಶ್ಯಕತೆಯು ಇನ್ನೂ ತೀರಿಲ್ಲ.

ಹೀಗಿರುವಲ್ಲಿ ಹೊಸಬರಿಗೆ ನನ್ನ ಸಲಹೆ ಇಷ್ಟೇ. ಮೊದಲು ಒಂದೇ ಒಂದು ಚಿಕ್ಕ ಲೆನ್ಸಿನಿಂದ ಆರಂಭಿಸಿರಿ. ಮನೆಯ ಒಳಗೆ ಹೆಚ್ಚಾಗಿ ತೆಗೆಯುವವರಿಗೆ ೩೫ ಮಿ.ಮೀ., ಒಬ್ಬೊಬ್ಬರ ಮುಖವನ್ನು ತೆಗೆಯುವವರಿಗೆ ೫೦ ಮಿ.ಮೀ. ತಕ್ಕುದು. ಫಿಲ್ಮಿನವರು ಎಫ್/೨ರದನ್ನು ಆರಿಸುವುದು ಮೇಲು. ಅದು ಎರಡು ಪಕ್ಷಗಳ ನಡುವಣ ಸಂಧಾನದಂತೆ ಇರುವುದು. ಈ ಕ್ಯಾಮರಾದೊಳಗೆ ಮೇಲಕ್ಕೆ ಹಾರುವ ಕನ್ನಡಿ ಇಲ್ಲದಿರುವುದರಿಂದ, ಉಸಿರು ಹಿಡಿದು ಗೋಡೆಗೆ ಒರಗಿ ನಿಂತರೆ ಹದಿನೈದನೆಯ ಅಂಶದಲ್ಲಿಯೂ ಕೈ ನಡುಗದೆ ತೆಗೆಯುವುದನ್ನು ಅಭ್ಯಾಸದಿಂದ ಸಾಧಿಸಬಹುದು. ಒಂದು ವರುಷ ಹೀಗೆ ನಡೆದ ಮೇಲೆ ಒಂದು ಪುಸ್ತಕದಲ್ಲಿ ಎರಡು ಲೆಕ್ಕಗಳನ್ನು ಬರೆಯಿರಿ: ಬೆಳಕು ಸಾಲದೆ ಕೈತಪ್ಪಿದ ಚಿತ್ರಗಳೆಷ್ಟು? ಕ್ಯಾಮರಾ ಮನೆಯಲ್ಲಿಯೇ ಉಳಿದುದರಿಂದ ಕೈತಪ್ಪಿದ ಚಿತ್ರಗಳೆಷ್ಟು? ಮೊದಲನೆಯ ಲೆಕ್ಕ ದೊಡ್ಡದಾದರೆ ದೊಡ್ಡ ಬಾಯಿಯ ಲೆನ್ಸಿಗಾಗಿ ಹಣ ಕೂಡಿಸಿರಿ, ಎಫ್/೧.೪ ಅಥವಾ ಎಫ್/೧.೫ರವರೆಗೆ ಹೋದರೆ ಸಾಕು, ಅದಕ್ಕೂ ಮುಂದೆ ಹೋಗುವುದು ಕೆಲವೇ ಮಂದಿಗೆ ಅಗತ್ಯ. ಎರಡನೆಯ ಲೆಕ್ಕ ದೊಡ್ಡದಾದರೆ ಇನ್ನೊಂದು ಲೆನ್ಸು ಬೇಡ. ಇರುವುದನ್ನೇ ದಿನವೂ ಚೀಲದಲ್ಲಿ ಹಾಕಿಕೊಳ್ಳುವ ರೂಢಿ ಬೇಕು.

ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಮಗಳು ಕ್ಯಾಮರಾವನ್ನು ಬೇಡಿದಾಗ ಅತ್ಯಂತ ಬೆಲೆಬಾಳುವ ಲೆನ್ಸನ್ನು ಕೊಡಿಸಿ, ಅದು ಕೆಟ್ಟೀತೆಂದು ಕಪಾಟಿನಲ್ಲಿ ಇಟ್ಟು ಬೀಗ ಹಾಕುವುದಕ್ಕಿಂತ, ಚಿಕ್ಕದೊಂದನ್ನು ಕೊಟ್ಟು ಮನೆಯ ಮೂಲೆಮೂಲೆಗೂ ಕೊಂಡೊಯ್ಯಲು ಬಿಡುವುದು ಲೇಸು. ಮೊದಲನೆಯ ಫಿಲ್ಮಿನ ಮೂವತ್ತಾರು ಚಿತ್ರಗಳಲ್ಲಿ ಮೂವತ್ತು ಕೆಟ್ಟರೂ ಚಿಂತೆಯಿಲ್ಲ. ಉಳಿದ ಆರರಲ್ಲಿ ಒಲೆಯ ಮುಂದೆ ಕುಳಿತ ಅಜ್ಜಿಯ ಮುಖವೊಂದು ಸೇರಿದ್ದರೆ, ಆ ಮನೆಯ ಆಲ್ಬಮ್ಮಿನಲ್ಲಿ ಬಹುಕಾಲದಿಂದ ಇದ್ದ ಕೊರತೆಯೊಂದು ತೀರಿದಂತಾಗುವುದು.